ದೋಣಿಯ ಪಂಪು, ಹೊಳೆಯ ನೀರು

ಶರಾವತಿ ಕಣಿವೆಯಲ್ಲಿ ಇಂದು ‘ಪಂಪು’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಜನರಿಗೆ ನೆನಪಾಗುವುದು ಭೂಗರ್ಭದ ವಿದ್ಯುತ್ ಯೋಜನೆ. ಅದರ ಕುರಿತು ಸಾಕಷ್ಟು ಚರ್ಚೆಯಾಗಿದೆ, ಆಗುತ್ತಲೂ ಇದೆ. ಆದರೆ ಅದೇ ಹೊಳೆಯ ನೀರನ್ನು ಹೀರಿ ಹೊರಚೆಲ್ಲುವ ಇನ್ನೊಂದು ಪಂಪಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಪ್ರವಾಸಿಗರನ್ನು ಕೂರಿಸಿಕೊಂಡು ಹಿನ್ನೀರಿನಲ್ಲಿ ಸುತ್ತು ಹೊಡೆಯುವ ಯಂತ್ರದೋಣಿಯ ಹಿಂಬದಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಅದು ಅಡಗಿ ಕುಳಿತಿರುತ್ತದೆ. ಇಂಜಿನ್ನನ್ನು ತಂಪಾಗಿಡುವುದು ಅದರ ಏಕೈಕ ಕೆಲಸ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಊರುಗಳು ಮುಳುಗಿದ ಮೇಲೆ ಹಿನ್ನೀರಿನ ಜನರಿಗೆ ದೋಣಿ ಎಂದರೆ ಬದುಕಿನ ದಾರಿಯಾಯಿತು. ಹೊಳೆಬಾಗಿಲಿನ ಲಾಂಚು ತಡವಾದರೆ ಶಾಲೆ ತಪ್ಪುತ್ತಿತ್ತು, ಆಸ್ಪತ್ರೆ ತಪ್ಪುತ್ತಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಬಳಕೆಗೆ ತೆರೆದುಕೊಂಡು ಆ ಕಾಯುವಿಕೆಯ ಒಂದು ಅಧ್ಯಾಯ ಮುಗಿಯಿತು. ಇದೇ ಕಾಲದಲ್ಲಿ ಇನ್ನೊಂದು ಬಗೆಯ ದೋಣಿಗಳು ಹೆಚ್ಚುತ್ತ ಬಂದಿವೆ. ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ, ಕಾರವಾರದ ಕಾಳಿ ಮುಖಜದಲ್ಲಿ, ಕಬಿನಿಯ ಹಿನ್ನೀರಿನಲ್ಲಿ ಪ್ರವಾಸಿ ದೋಣಿಗಳು ಓಡುತ್ತಿವೆ. ಅನಿವಾರ್ಯಕ್ಕೆ ಓಡುವ ದೋಣಿಗೂ ಮೋಜಿಗೆ ಓಡುವ ದೋಣಿಗೂ ಇರುವ ವ್ಯತ್ಯಾಸವನ್ನು ಮೊದಲು ಗುರುತಿಸಬೇಕು. ಮೋಜಿನ ದೋಣಿ ಒಂದು ದಿನ ದಡದಲ್ಲಿ ನಿಂತರೆ ಯಾರ ಹೆರಿಗೆಯೂ ತಡವಾಗುವುದಿಲ್ಲ. ಆದ್ದರಿಂದ ‘ರಿಪೇರಿಗೆ ಸಮಯವಿರಲಿಲ್ಲ’ ಎಂಬ ನೆಪ ಅದರ ಒಡೆಯನಿಗೆ ಸಲ್ಲದು.

ಚಿಕ್ಕ ಪೆಟ್ರೋಲ್ ಇಂಜಿನ್ನಿನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಮಾತ್ರ ಓಟಕ್ಕೆ ದೊರೆಯುತ್ತದೆ. ಉಳಿದದ್ದೆಲ್ಲ ಶಾಖ. ಕಾರಿನಲ್ಲಿ ಈ ಶಾಖವನ್ನು ರೇಡಿಯೇಟರ್ ಗಾಳಿಗೆ ಬಿಟ್ಟುಕೊಡುತ್ತದೆ. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ಹೊಳೆಯೇ ಅದರ ರೇಡಿಯೇಟರ್. ಫ್ಯಾನಿನ ಹತ್ತಿರವಿರುವ ಜಾಲರಿಯ ಮೂಲಕ ನೀರು ಒಳಬರುತ್ತದೆ, ಪಂಪು ಅದನ್ನು ಮೇಲೆತ್ತುತ್ತದೆ, ಸಿಲಿಂಡರಿನ ಸುತ್ತಲ ಪೊಳ್ಳಿನಲ್ಲಿ ಅದು ಹರಿದು ಬಿಸಿಯಾಗಿ, ಹೊಗೆಯ ಜೊತೆ ಮತ್ತೆ ಹೊಳೆ ಸೇರುತ್ತದೆ. ಹೀಗೆ ಹೋಗುವ ನೀರಿನ ಒಂದು ಎಳೆ ಇಂಜಿನ್ನಿನ ಹಿಂಭಾಗದ ಸಣ್ಣ ರಂಧ್ರದಿಂದ ಚಿಮ್ಮುತ್ತಿರುತ್ತದೆ. ದೋಣಿ ನಡೆಸುವವನಿಗೆ ಪಂಪು ಬದುಕಿದೆ ಎಂದು ಹೇಳುವ ಸಾಕ್ಷಿ ಆ ಎಳೆ. ಇಂಜಿನ್ ಚಾಲೂ ಆದ ಕೂಡಲೇ ಕತ್ತು ತಿರುಗಿಸಿ ಅದನ್ನು ನೋಡದವನ ದೋಣಿಯನ್ನು ಹತ್ತಬಾರದು.

ತೋಟಕ್ಕೆ ನೀರು ಹಾಯಿಸಿದವರಿಗೆ ಪಂಪ್‌ಸೆಟ್ಟಿನ ಇಂಪೆಲ್ಲರ್ ಗೊತ್ತಿರುವ ವಸ್ತು. ಲೋಹದ ಆ ಚಕ್ರ ತನ್ನ ಗೂಡಿನ ಗೋಡೆಯನ್ನು ಮುಟ್ಟದೆ ತಿರುಗುತ್ತದೆ. ಗಾಳಿ ಹಿಡಿದರೆ ನೀರೆತ್ತುವುದಿಲ್ಲ, ಫುಟ್‌ವಾಲ್ವ್ ಸೋರಿದರೆ ಬೆಳಗ್ಗೆ ಎದ್ದು ಮತ್ತೆ ನೀರು ತುಂಬಬೇಕು. ದೋಣಿಯ ಪಂಪಿನ ಇಂಪೆಲ್ಲರ್ ಬೇರೆ ಜಾತಿಯದು. ಅದು ರಬ್ಬರಿನದು, ಹೂವಿನ ಎಸಳಿನಂತೆ ಸುತ್ತಲೂ ರೆಕ್ಕೆಗಳಿರುತ್ತವೆ. ಗೂಡಿನ ನಡುಮಧ್ಯದಲ್ಲಿ ಅದು ಕೂರುವುದಿಲ್ಲ, ಬೇಕೆಂದೇ ಒಂದು ಬದಿಗೆ ಸರಿಸಿ ಕೂರಿಸಿರುತ್ತಾರೆ. ಇಕ್ಕಟ್ಟಿನ ಬದಿಗೆ ಬಂದ ರೆಕ್ಕೆ ಬಾಗುತ್ತದೆ, ಎರಡು ರೆಕ್ಕೆಗಳ ನಡುವಿನ ಜಾಗ ಕುಗ್ಗಿ ನೀರು ಹೊರಕ್ಕೆ ತಳ್ಳಲ್ಪಡುತ್ತದೆ. ವಿಶಾಲವಾದ ಬದಿಗೆ ಬಂದೊಡನೆ ರೆಕ್ಕೆ ಸೆಟೆದು ನಿಂತು ಹೊಸ ನೀರನ್ನು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ಹೀಗೆ ಬಾಗುವುದು, ಏಳುವುದು. ಗೋಡೆಗೆ ಉಜ್ಜುತ್ತಲೇ ತಿರುಗುವ ಈ ರಬ್ಬರಿಗೆ ಎಣ್ಣೆಯಿಲ್ಲ, ಗ್ರೀಸಿಲ್ಲ. ತಾನು ಎತ್ತುವ ನೀರೇ ಅದಕ್ಕೆ ಜಾರುವಿಕೆ. ನೀರಿಲ್ಲದೆ ಓಡಿಸಿದರೆ ಒಂದೆರಡು ನಿಮಿಷದೊಳಗೆ ಬೆಂದು ಹರಿದುಹೋಗುತ್ತದೆ. ‘ಸ್ಟಾರ್ಟ್ ಆಗುತ್ತದೋ ನೋಡೋಣ’ ಎಂದು ದಡದಲ್ಲಿ ಒಣಗಿದ ಇಂಜಿನ್ನಿನ ಹಗ್ಗ ಎಳೆಯುವ ಚಟ ಬಹಳ ಕಡೆ ಇದೆ. ಪಂಪು ಹಾಳಾಗುವುದು ಆ ಕ್ಷಣದಲ್ಲಿ, ಅದು ತಿಳಿಯುವುದು ನಡುಹೊಳೆಯಲ್ಲಿ.

ಮಲೆನಾಡಿನ ನೀರಿಗೆ ತನ್ನದೇ ಆದ ತೊಂದರೆಗಳಿವೆ. ಬೇಸಗೆಯಲ್ಲಿ ಜಲಾಶಯ ಇಳಿಯುತ್ತ ಬಂದಂತೆ ಮುಳುಗಿದ ಕಾಡಿನ ಕುಂಟೆಗಳು ತಲೆಯೆತ್ತುತ್ತವೆ, ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಪ್ರವಾಸಿಗರನ್ನು ಒಣದಡಕ್ಕೆ ಇಳಿಸುವ ಉತ್ಸಾಹದಲ್ಲಿ ದೋಣಿಯನ್ನು ಅಂಚಿನವರೆಗೂ ಇಂಜಿನ್ ಬಲದಿಂದ ನುಗ್ಗಿಸಿದರೆ ಪಂಪು ನೀರಿನ ಬದಲು ಗೋಡು ಹೀರುತ್ತದೆ. ಮರಳಿನ ಕಣಗಳು ರಬ್ಬರನ್ನೂ ಗೂಡಿನ ಒಳಮೈಯನ್ನೂ ಗೀರುತ್ತವೆ. ಬಿಗಿ ತಪ್ಪಿದ ಪಂಪು ನಿಧಾನವಾಗಿ ಓಡುವಾಗ ನೀರೆತ್ತಲಾರದು. ಕೊನೆಯ ನಾಲ್ಕು ಮಾರನ್ನು ಜಲ್ಲೆ ಹಾಕಿ ದಾಟಿಸುವ ಹಳೆಯ ಅಂಬಿಗರ ರೂಢಿ ಪಂಪಿಗೂ ಒಳ್ಳೆಯದು, ಅಂಚಿನ ಮೀನಿನ ಮರಿಗಳಿಗೂ ಒಳ್ಳೆಯದು.

ಎರಡನೆಯ ಶತ್ರು ಪ್ಲಾಸ್ಟಿಕ್. ತೆಳ್ಳನೆಯ ಚೀಲವೊಂದು ಜಾಲರಿಗೆ ಅಂಟಿಕೊಂಡರೆ ಹೀರುವ ಬಲವೇ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿಡುತ್ತದೆ. ಹಿಂಬದಿಯ ಎಳೆ ಸಣ್ಣಗಾಗಿ ನಿಲ್ಲುತ್ತದೆ, ಹಬೆ ಕಾಣುತ್ತದೆ, ಕೆಲವು ಇಂಜಿನ್ನುಗಳಲ್ಲಿ ಎಚ್ಚರಿಕೆಯ ಶಬ್ದವೂ ಬರುತ್ತದೆ. ಇಂಜಿನ್ ನಿಲ್ಲಿಸಿ, ಮೇಲಕ್ಕೆ ಎತ್ತಿ, ಕೈಯಿಂದ ಬಿಡಿಸಿದರೆ ಮುಗಿಯಿತು. ಬಿಡಿಸಿದ ಚೀಲವನ್ನು ಮತ್ತೆ ನೀರಿಗೇ ಎಸೆಯುವವರೂ ಇದ್ದಾರೆಂಬುದು ಬೇರೆ ಮಾತು. ಜಾಲರಿಗೆ ದಿನವೂ ಏನೇನು ಸಿಕ್ಕಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಹೊಳೆಯ ಸ್ಥಿತಿಯ ದಾಖಲೆಯೇ ಆದೀತು. ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ಒಂದು ಹಂಗಾಮಿನ ಮಟ್ಟಿಗೆ ಈ ಕೆಲಸ ಕೈಗೆತ್ತಿಕೊಳ್ಳಬಹುದು. ಪ್ರಯೋಗಾಲಯ ಬೇಕಿಲ್ಲ, ಪೆನ್ಸಿಲ್ ಸಾಕು.

ಮೂರನೆಯದು ಯಾರೂ ಊಹಿಸದ ಅತಿಥಿ. ಮಳೆಗಾಲದಲ್ಲಿ ದೋಣಿವಿಹಾರ ನಿಂತು ಇಂಜಿನ್ನುಗಳು ಕೊಟ್ಟಿಗೆಯ ಮೂಲೆ ಸೇರುತ್ತವೆ. ಕೀಲಿಯ ತೂತಿನಲ್ಲಿ, ನಲ್ಲಿಯ ಬಾಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿಗೆ ಆ ಚಿಕ್ಕ ರಂಧ್ರ ಹೇಳಿ ಮಾಡಿಸಿದ ಮನೆ. ಹಂಗಾಮಿನ ಮೊದಲ ದಿನ ಎಳೆ ಬಾರದಿದ್ದರೆ ಪಂಪನ್ನು ಬಿಚ್ಚುವ ಮೊದಲು ಒಂದು ತೆಳು ತಂತಿ ಹಾಕಿ ನೋಡಬೇಕು. ಆದರೆ ತಿಂಗಳುಗಟ್ಟಲೆ ಕೂತ ರಬ್ಬರ್ ರೆಕ್ಕೆಗಳು ಬಾಗಿದ ಕಡೆಗೇ ಬಾಗಿ ಸೆಡೆತುಹೋಗಿರುವುದೂ ಅಷ್ಟೇ ಸಾಧ್ಯ. ಆದ್ದರಿಂದ ಮಳೆಗಾಲ ಮುಗಿದು ಹಂಗಾಮು ಶುರುವಾಗುವ ಮೊದಲು, ಕೆಟ್ಟಿರಲಿ ಬಿಡಲಿ, ವರ್ಷಕ್ಕೊಮ್ಮೆ ಇಂಪೆಲ್ಲರ್ ಬದಲಿಸುವುದು ಇಲ್ಲಿಯ ಹವಾಮಾನಕ್ಕೆ ತಕ್ಕ ಕ್ರಮ. ಇಂಜಿನ್ನಿನ ಬೆಲೆಯ ಮುಂದೆ ಆ ರಬ್ಬರಿನ ಬೆಲೆ ಲೆಕ್ಕಕ್ಕೇ ಇಲ್ಲ.

ಬದಲಿಸುವ ಕೆಲಸ ಟಿಲ್ಲರ್ ಬಿಚ್ಚಿ ಜೋಡಿಸಬಲ್ಲ ಯಾವ ಹಳ್ಳಿ ಯುವಕನಿಗೂ ಒಗ್ಗುವಂಥದು. ಸ್ಪಾರ್ಕ್ ಪ್ಲಗ್ಗಿನ ವೈರು ತೆಗೆದಿಟ್ಟು, ಕೆಳಭಾಗದ ಬೋಲ್ಟುಗಳನ್ನು ಸಡಿಲಿಸಿ, ಗೇರಿನ ಸರಳನ್ನು ಕಳಚಿದರೆ ಗೇರ್ ಪೆಟ್ಟಿಗೆಯ ಭಾಗ ಕೆಳಗಿಳಿಯುತ್ತದೆ. ಅದರ ಮೇಲ್ತುದಿಯಲ್ಲಿ ಪಂಪಿನ ಗೂಡು. ಗೂಡನ್ನು ಬಿಚ್ಚಿ ಮೇಲಕ್ಕೆ ಎಳೆದರೆ ಇಂಪೆಲ್ಲರ್ ಕೈಗೆ ಬರುತ್ತದೆ. ಅದನ್ನು ಶಾಫ್ಟಿಗೆ ಕಚ್ಚಿಸಿರುವ ಸಣ್ಣ ಕೀ ಕಳೆದುಹೋಗದಂತೆ ಎತ್ತಿಡಬೇಕು. ಹಳೆಯ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸುವುದು ಬಹಳ ಮುಖ್ಯ. ಒಂದು ಕಡಿಮೆಯಿದ್ದರೆ ಆ ಚೂರು ಇಂಜಿನ್ನಿನ ಒಳಗೆಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಹುಡುಕದೆ ಹೊಸ ಇಂಪೆಲ್ಲರ್ ಹಾಕುವುದು ವ್ಯರ್ಥ. ಗೂಡಿನ ಒಳಮೈಯೂ ಕೆಳಗಿನ ತಟ್ಟೆಯೂ ಉಗುರಿಗೆ ಸಿಗುವಷ್ಟು ಗೀರಾಗಿದ್ದರೆ ಅವೂ ಹೊಸದಾಗಬೇಕು. ಜೋಡಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ರಬ್ಬರಿಗೆ ಸಾಬೂನುನೀರು ಅಥವಾ ಗ್ಲಿಸರಿನ್ ಸವರಿ, ಇಂಜಿನ್ ತಿರುಗುವ ದಿಕ್ಕಿಗೇ ಶಾಫ್ಟನ್ನು ತಿರುಗಿಸುತ್ತ ಗೂಡನ್ನು ಒತ್ತಬೇಕು. ಕೊನೆಗೆ ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಚಾಲೂ ಮಾಡಿ ಎಳೆ ನೋಡಬೇಕು.

ದೊಡ್ಡ ದೋಣಿಗಳ ಒಡಲಿನೊಳಗಿರುವ ಡೀಸೆಲ್ ಇಂಜಿನ್ನಿನಲ್ಲಿ ಏರ್ಪಾಟು ಸ್ವಲ್ಪ ಬೇರೆ. ದೋಣಿಯ ತಳದ ವಾಲ್ವಿನಿಂದ ಬಂದ ನೀರು ಸೋಸುಬುಟ್ಟಿಯ ಮೂಲಕ ಪಂಪಿಗೆ ಹೋಗುತ್ತದೆ, ಅಲ್ಲಿಂದ ಶಾಖ ವಿನಿಮಯದ ಕೊಳವೆಗಳಿಗೆ. ಇಂಜಿನ್ನಿನೊಳಗೆ ಸುತ್ತುವುದು ಹೊಳೆನೀರಲ್ಲ, ಬಣ್ಣದ ಕೂಲೆಂಟ್. ಇಲ್ಲಿ ದಿನವೂ ಮಾಡಬೇಕಾದದ್ದು ಸೋಸುಬುಟ್ಟಿ ತೆಗೆದು ತೊಳೆಯುವುದು. ಪಂಪಿನ ಸೀಲು ಸೋರುತ್ತಿದ್ದರೆ ಆ ನೀರು ದೋಣಿಯ ತಳ ಸೇರಿ, ಅಲ್ಲಿನ ಎಣ್ಣೆಯ ಜೊತೆ ಬೆರೆತು, ಸಂಜೆ ಮೊಗೆದು ಹೊಳೆಗೆ ಚೆಲ್ಲಲ್ಪಡುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿ ನಿಲ್ಲುವುದು ಹೀಗೆ. ಒಂದು ಸೀಲಿನ ಸೋರಿಕೆಗೂ ದಡದ ಎಮ್ಮೆ ನೀರು ಮೂಸಿ ಹಿಂದೆ ಸರಿಯುವುದಕ್ಕೂ ನಡುವೆ ದೂರ ಬಹಳವಿಲ್ಲ. ಕೂಲೆಂಟಿನಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಬಸಿದ ಕೂಲೆಂಟನ್ನು ದಡದ ಗುಂಡಿಗೆ ಸುರಿದರೆ ಮೊದಲು ನೆಕ್ಕಲು ಬರುವುದು ಊರಿನ ನಾಯಿಗಳು.

ಅಳಿವೆಯ ದೋಣಿಗಳದು ಉಪ್ಪಿನ ಸಮಸ್ಯೆ. ಓಟ ಮುಗಿದ ಮೇಲೆ ಸಿಲಿಂಡರಿನ ಸುತ್ತ ಉಳಿದ ಉಪ್ಪುನೀರು ಒಣಗಿ ಹರಳುಗಟ್ಟಿ ದಾರಿಗಳನ್ನು ಮುಚ್ಚುತ್ತ ಬರುತ್ತದೆ. ಆದ್ದರಿಂದ ಪ್ರತಿದಿನ ಕೊನೆಗೆ ಸಿಹಿನೀರು ಹಾಯಿಸಿ ತೊಳೆಯಬೇಕೆಂಬುದು ನಿಯಮ. ನಿಯಮ ಸರಿಯೇ. ಆದರೆ ಸಿಹಿನೀರು ಯಾರದು? ನಿಮಿಷಕ್ಕೆ 10 ಲೀಟರಿನಂತೆ 10 ನಿಮಿಷ ಹಾಯಿಸಿದರೆ ಒಂದು ಇಂಜಿನ್ನಿಗೆ 100 ಲೀಟರ್. ಇಪ್ಪತ್ತು ದೋಣಿಗಳಿದ್ದರೆ ದಿನಕ್ಕೆ 2,000 ಲೀಟರ್. ಏಪ್ರಿಲ್-ಮೇ ತಿಂಗಳಲ್ಲಿ ಅಳಿವೆಯಂಚಿನ ಬಾವಿಗಳಲ್ಲಿ ಉಪ್ಪಿನ ರುಚಿ ಏರುವ ಹೊತ್ತಿಗೆ ಇಷ್ಟು ನೀರನ್ನು ಊರ ಬಾವಿಯಿಂದ ಎತ್ತುವುದು ನ್ಯಾಯವಲ್ಲ. ಮಲೆನಾಡು, ಕರಾವಳಿಯಲ್ಲಿ ಮಳೆ ಸುರಿಯುವ ಪ್ರಮಾಣ ನೋಡಿದರೆ ದೋಣಿಗಟ್ಟೆಯ ಶೆಡ್ಡಿನ ಸೂರಿನ ನೀರನ್ನು ಟಾಕಿಯಲ್ಲಿ ಹಿಡಿದಿಡುವುದು ಕಷ್ಟವಲ್ಲ. ದೋಣಿ ನಡೆಸುವ ಹಕ್ಕು ಪಡೆದವರು ತೊಳೆಯುವ ನೀರನ್ನು ತಾವೇ ಹೊಂದಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ‘ರಬ್ಬರ್ ಚಕ್ರಕ್ಕೂ ಪರಿಸರಕ್ಕೂ ಏನು ಸಂಬಂಧ’ ಎಂದು ಕೇಳುವವರಿದ್ದಾರೆ. ಇನ್ನೊಂದು ತುದಿಯಲ್ಲಿ, ಯಂತ್ರದೋಣಿ ಎಂಬುದೇ ಹೊಳೆಗೆ ಅಪಚಾರ, ಅದರ ಪಂಪಿನ ಆರೈಕೆಯ ಮಾತೇಕೆ ಎನ್ನುವ ಹೋರಾಟಗಾರರೂ ಇದ್ದಾರೆ. ಎರಡನೆಯ ಮಾತಿನಲ್ಲಿ ಪ್ರಾಮಾಣಿಕತೆಯಿದೆ. ಅಭಯಾರಣ್ಯದ ಅಂಚಿನಲ್ಲಿ, ಹಕ್ಕಿಗಳು ಗೂಡುಕಟ್ಟುವ ನಡುಗಡ್ಡೆಗಳ ಸುತ್ತ ದೋಣಿ ಬೇಡವೆಂದೇ ಹೇಳಬೇಕು. ಆದರೆ ಈಗಾಗಲೇ ಪರವಾನಗಿ ಪಡೆದು ಓಡುತ್ತಿರುವ ದೋಣಿಗಳ ವಿಷಯದಲ್ಲಿ ‘ಬೇಡ’ ಎಂದು ಬರೆದ ಮನವಿ ಕಡತದಲ್ಲಿ ಕೂರುತ್ತದೆ, ದೋಣಿ ಮಾತ್ರ ಓಡುತ್ತಲೇ ಇರುತ್ತದೆ. ಕೆಟ್ಟ ಪಂಪಿನ ದೋಣಿಯನ್ನು ನಿಲ್ಲಿಸಬೇಕೆಂದು ಕೇಳುವುದು ಸಣ್ಣ ಬೇಡಿಕೆ. ಅದನ್ನು ನಿರಾಕರಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಏಕೆಂದರೆ ಇದು ಜೀವದ ಪ್ರಶ್ನೆಯೂ ಹೌದು. 2009ರ ಸೆಪ್ಟೆಂಬರಿನಲ್ಲಿ ತೇಕ್ಕಡಿಯಲ್ಲಿ 45 ಪ್ರವಾಸಿಗರು ನೀರುಪಾಲಾದರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ 22 ಜನ. ಈ ದುರಂತಗಳ ನಂತರ ಚರ್ಚೆಯಾದದ್ದು ಅತಿಭಾರ, ಜೀವರಕ್ಷಕ ಜಾಕೆಟ್, ಪರವಾನಗಿ. ಅವೆಲ್ಲ ಅಗತ್ಯವೇ. ಆದರೆ ಜಾಕೆಟ್ ಎಣಿಸುವ ಅಧಿಕಾರಿ ಇಂಜಿನ್ನಿನ ಕಡೆ ನೋಡುವುದು ಅಪರೂಪ. ವಿಶಾಲ ಹಿನ್ನೀರಿನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎದ್ದಾಗ ಓಡುವ ದೋಣಿ ಅಲೆಗೆ ಮುಖ ಕೊಟ್ಟು ಸಾಗುತ್ತದೆ. ಇಂಜಿನ್ ಬಿಸಿಯಾಗಿ ಕಚ್ಚಿಕೊಂಡು ನಿಂತರೆ ಅದೇ ದೋಣಿ ಅಡ್ಡಲಾಗಿ ತಿರುಗಿ ಅಲೆಗೆ ಪಕ್ಕೆ ಒಡ್ಡುತ್ತದೆ. ಗಾಬರಿಗೊಂಡ ಜನ ಒಂದೇ ಕಡೆಗೆ ಸರಿದರೆ ಮುಂದಿನದನ್ನು ಹೇಳಬೇಕಿಲ್ಲ. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ, ಮಾಲಿನ್ಯ ತಡೆ ಎಲ್ಲಕ್ಕೂ ಜಾಗವಿದೆ. ಕಾಯ್ದೆಯಲ್ಲಿರುವ ಜಾಗ ದೋಣಿಗಟ್ಟೆಯವರೆಗೆ ಬರಬೇಕಾದರೆ ಊರವರು ಕೇಳಬೇಕು.

ಪಂಪು ಹೊಳೆಯ ನೀರನ್ನು ಒಳಗೆ ಹಿಡಿದಿಡುತ್ತದೆ ಎಂಬುದರಲ್ಲಿ ಇನ್ನೊಂದು ಅಪಾಯವಿದೆ. ಒಂದು ಜಲಾಶಯದಲ್ಲಿ ಹಂಗಾಮು ಮುಗಿಸಿದ ಗುತ್ತಿಗೆದಾರ ದೋಣಿಯನ್ನು ಲಾರಿಗೆ ಹೇರಿ ಇನ್ನೊಂದಕ್ಕೆ ಒಯ್ಯುತ್ತಾನೆ. ಜಾಲರಿಗೆ ಸಿಕ್ಕ ಸಾಲ್ವೀನಿಯಾದ ಒಂದು ತುಣುಕು ಹೊಸ ನೀರಿನಲ್ಲಿ ಬೇರೂರಲು ಸಾಕು. ಕೇರಳದ ಕುಟ್ಟನಾಡಿನಲ್ಲಿ ಈ ಕಳೆ ಕಾಲುವೆಗಳನ್ನು ಮುಚ್ಚಿದಾಗ 1980ರ ದಶಕದಲ್ಲಿ ಅದನ್ನೇ ತಿನ್ನುವ ಸೊಂಡಿಲು ಹುಳವನ್ನು ಬಿಟ್ಟು ಹತೋಟಿಗೆ ತರಬೇಕಾಯಿತು. ಉತ್ತರ ಅಮೆರಿಕದ ಮಹಾಸರೋವರಗಳಿಗೆ 1980ರ ದಶಕದಲ್ಲಿ ಬಂದ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ ಅಲ್ಲಿಂದ ಬೇರೆ ಸರೋವರಗಳಿಗೆ ಹರಡಲು ಮೋಜಿನ ದೋಣಿಗಳು ನೆರವಾದವು. ತೊಳೆಯಬೇಕು, ಬಸಿಯಬೇಕು, ಒಣಗಿಸಬೇಕು ಎಂಬುದು ಅಲ್ಲಿಯ ದೋಣಿಯವರಿಗೆಲ್ಲ ಈಗ ಪಾಠ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿರುವಾಗ ಇಲ್ಲಿ ಆ ಎಚ್ಚರ ಇನ್ನೂ ಹೆಚ್ಚಿರಬೇಕಿತ್ತು.

ಹಳೆಯ ಮಾದರಿಯ ಟೂ-ಸ್ಟ್ರೋಕ್ ಇಂಜಿನ್ನುಗಳ ವಿಷಯದಲ್ಲಿ ಪಂಪು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಅವು ಕುಡಿಯುವ ಇಂಧನದ ಸುಮಾರು ಕಾಲು ಭಾಗ ಸುಡದೆಯೇ, ಎಣ್ಣೆಯ ಸಮೇತ ನೀರಿಗೆ ಇಳಿಯುತ್ತದೆ. ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬ್ಯುರೇಟರಿನ ಟೂ-ಸ್ಟ್ರೋಕ್ ದೋಣಿಗಳನ್ನು 1999ರಲ್ಲೇ ನಿಷೇಧಿಸಲಾಯಿತು. ಕುಡಿಯುವ ನೀರಿನ ಮೂಲವಾಗಿರುವ ಜಲಾಶಯಗಳಲ್ಲಿ ಮೋಜಿಗಾಗಿ ಅವನ್ನು ಬಿಡುವುದಕ್ಕೆ ಸಮರ್ಥನೆಯೇ ಇಲ್ಲ. ಕೇರಳದ ವೈಕಂ ಕಡವಿನಲ್ಲಿ 75 ಜನರನ್ನು ಹೊರುವ ಸೌರದೋಣಿ ‘ಆದಿತ್ಯ’ 2017ರಿಂದ ಸಂಚರಿಸಿ ತೋರಿಸಿದೆ. ಅಲ್ಲಿ ಹೊಗೆಯಿಲ್ಲ, ಗದ್ದಲವಿಲ್ಲ. ಅದಕ್ಕೂ ಬ್ಯಾಟರಿಯ ಆಯುಸ್ಸು, ವಿಲೇವಾರಿ ಎಂಬ ತೊಡಕುಗಳಿವೆ. ಮಲೆನಾಡಿನ ಮೋಡದ ದಿನಗಳಲ್ಲಿ ಅದರ ಲೆಕ್ಕ ಬೇರೆ. ಆದರೆ ನಿಧಾನವಾಗಿ ಒಂದು ಗಂಟೆ ಸುತ್ತಾಡಿ ಹಕ್ಕಿ ನೋಡುವ ವಿಹಾರಕ್ಕೆ ಅದಕ್ಕಿಂತ ತಕ್ಕ ವಾಹನವಿಲ್ಲ.

ಅಲ್ಲಿಯವರೆಗೆ ಗುತ್ತಿಗೆಯ ಕರಾರಿನಲ್ಲಿ ಕೆಲವು ಸಾಲುಗಳು ಸೇರಲೇಬೇಕು. ಒಂದು ಹಂಗಾಮಿಗೆ ಬಂದು ಹೋಗುವ ಹೊರಗಿನ ಗುತ್ತಿಗೆದಾರನಿಗೆ ಮುಂದಿನ ವರ್ಷದ ಇಂಜಿನ್ನಿನ ಚಿಂತೆ ಇರುವುದಿಲ್ಲ, ಹೊಳೆಯ ಚಿಂತೆ ಇನ್ನೂ ಇಲ್ಲ. ಆದ್ದರಿಂದ ಕರಾರು ಕನಿಷ್ಠ ಮೂರು ವರ್ಷದ್ದಾಗಿರಬೇಕು, ಸ್ಥಳೀಯ ಯುವಕರ ಸಂಘಗಳಿಗೆ ಮೊದಲ ಅವಕಾಶವಿರಬೇಕು. ಪ್ರತಿ ದೋಣಿಯಲ್ಲಿ ಓಡಿದ ಗಂಟೆಗಳ ಪುಸ್ತಕ, ಒಂದು ಹೆಚ್ಚುವರಿ ಇಂಪೆಲ್ಲರ್, ಬಿಚ್ಚುವ ಸಲಕರಣೆ, ಹುಟ್ಟುಗಳು, ಲಂಗರು ಇರಬೇಕು. ಬಸಿದ ಗೇರ್ ಎಣ್ಣೆ, ಕೂಲೆಂಟುಗಳನ್ನು ಮುಚ್ಚಿದ ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆ ಕೊಳ್ಳುವ ಅಧಿಕೃತರಿಗೆ ಒಪ್ಪಿಸಿದ ರಸೀದಿ ಪಂಚಾಯತಿಗೆ ಬರಬೇಕು. ಐಟಿಐ ಓದಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗರಲ್ಲಿ ಇಬ್ಬರು ಮೂವರಿಗಾದರೂ ದೋಣಿಗಟ್ಟೆಯಲ್ಲಿ ವರ್ಷವಿಡೀ ಕೆಲಸ ಸಿಗುವಂತೆ ತಪಾಸಣೆಯ ಶುಲ್ಕವನ್ನು ಟಿಕೆಟ್ಟಿನಲ್ಲೇ ಸೇರಿಸಬಹುದು. ಈ ಕರಾರುಗಳು ತಯಾರಾಗುವುದು ಮಳೆಗಾಲದ ಕೊನೆಯಲ್ಲಿ, ದೋಣಿಗಳು ಇನ್ನೂ ದಡದಲ್ಲಿ ಮಗುಚಿ ಮಲಗಿರುವಾಗ. ಗ್ರಾಮಸಭೆಯಲ್ಲಿ ವಿಷಯ ಎತ್ತುವುದಕ್ಕೂ ಅದೇ ಸಮಯ.